ಎರಡು ಮಳೆಯ ಸುಣ್ಣ

ಬಿ ತೀಮಾ ಗೋಡೆ ನೆಕ್ಕುತ್ತಿದ್ದಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಮ್ಮ ದ್ವೀಪದಲ್ಲಿ ಅವಳ ಹೆಸರೆತ್ತಿದ ಕೂಡಲೇ ಯಾರಾದರೊಬ್ಬರು ಇದನ್ನು ಹೇಳಿ ನಗುತ್ತಾರೆ, ನಕ್ಕಾದ ಮೇಲೆ ಉಳಿದದ್ದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಓಣಿಯಲ್ಲಿ ನಡೆಯುತ್ತಿದ್ದವಳು ತಟ್ಟನೆ ನಿಂತು, ಯಾರದೋ ಮನೆಯ ಗೋಡೆಗೆ ಅಂಗೈ ಊರಿ, ತಲೆಯಿಂದ ಕಾಲವರೆಗೆ ಹೊದ್ದ ಬುಯಿಬುಯಿಯ ಕರಿ ಅಂಚನ್ನು ಗಲ್ಲದ ಕೆಳಕ್ಕೆ ಸರಿಸಿ, ನಾಲಿಗೆಯ ತುದಿಯನ್ನು ಸುಣ್ಣಕ್ಕೆ ತಾಗಿಸಿ, ಒಂದು ಗಳಿಗೆ ಕಣ್ಣು ಮುಚ್ಚಿ, ಆಮೇಲೆ ಪಕ್ಕಕ್ಕೆ ಉಗುಳಿ, ಒಳಗಿನವರಿಗೆ ಕೇಳುವಂತೆ ತೀರ್ಪು ಕೊಡುತ್ತಿದ್ದಳು.

"ಉಪ್ಪು. ಐದು ವರ್ಷ ಬಾಳಲ್ಲ."

ಇಲ್ಲವೇ, "ನಿಮ್ಮಜ್ಜಿ ಕಾಲದ್ದು, ಚೆನ್ನಾಗಿದೆ. ಯಾರೂ ಮುಟ್ಟಬೇಡಿ."

ನಡಿಗೆ ಎಡಕ್ಕೆ ವಾಲುತ್ತಿತ್ತು. ನಲವತ್ತು ವರ್ಷ ಬಲ ಸೊಂಟದ ಮೇಲೆ ಹವಳದ ಕಲ್ಲಿನ ಬುಟ್ಟಿ ಹೊತ್ತವಳ ಮೈ, ಬುಟ್ಟಿ ಇಳಿಸಿದ ಮೇಲೂ ಅದರ ಭಾರಕ್ಕೆ ಎದುರು ಕೊಡುತ್ತಲೇ ಇತ್ತು. ಹುಬ್ಬುಗಳು ಎಂದೋ ಸುಣ್ಣದ ಗೂಡಿನ ಝಳಕ್ಕೆ ಸುಟ್ಟುಹೋಗಿ ಮತ್ತೆ ಬೆಳೆದಿರಲಿಲ್ಲ, ಆದ್ದರಿಂದ ಅವಳಿಗೆ ಸಿಟ್ಟು ಬಂದದ್ದು ಹಣೆಯಲ್ಲಿ ಕಾಣುತ್ತಿರಲಿಲ್ಲ, ಮೂಗಿನ ಹೊಳ್ಳೆಗಳಲ್ಲಿ ಕಾಣುತ್ತಿತ್ತು. ಸುಣ್ಣ ಸುಡುವ ದಿನ ಮೈಗೆ ಸುತ್ತಿದ ಲೇಸೊ ಬಟ್ಟೆಯ ಮೇಲೆ ತೀರಿಹೋದ ಗಂಡನ ಖಾಕಿ ಕೋಟು ಹಾಕಿಕೊಳ್ಳುತ್ತಿದ್ದಳು. ಅದರ ತೋಳುಗಳನ್ನು ಸುಣ್ಣ ಮೊಣಕೈವರೆಗೆ ತಿಂದಿತ್ತು, ಗುಂಡಿಗಳೆಲ್ಲ ಉದುರಿದ್ದವು, ಎದೆಯ ಹತ್ತಿರ ಒಂದು ಮೀನಿನ ಗಾಳದಿಂದ ಅದನ್ನು ಸಿಕ್ಕಿಸಿಕೊಳ್ಳುತ್ತಿದ್ದಳು. ಆ ಗಾಳ ಒಮ್ಮೆ ಅವಳ ಬೆರಳಿಗೇ ಚುಚ್ಚಿತು. ಬೈದದ್ದು ಗಾಳವನ್ನಲ್ಲ, ಎದುರಿಗೆ ನಿಂತಿದ್ದ ಕತ್ತೆಯನ್ನು.

ಅವಳ ಕಸುಬಿನ ನಿಯಮ ಒಂದೇ. ಹವಳ ಸಮುದ್ರದ್ದು, ಅದರ ಹೊಟ್ಟೆಯಲ್ಲಿ ಉಪ್ಪಿದೆ. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಮರದ ಕಟ್ಟಿಗೆಯ ಮೇಲೆ ಎರಡು ದಿನ ಸುಟ್ಟರೂ ಉಪ್ಪು ಹೋಗುವುದಿಲ್ಲ, ಸಿಹಿನೀರಿನ ಮಳೆ ಮಾತ್ರ ಅದನ್ನು ತೊಳೆಯಬಲ್ಲದು. ಅರಳಿದ ಸುಣ್ಣವನ್ನು ಮನೆಯ ಹಿಂದಿನ ಗುಂಡಿಯಲ್ಲಿ ಎರಡು ದೊಡ್ಡ ಮಳೆಗಾಲ ನೆನೆಯಲು ಬಿಡಬೇಕು, ಅದಕ್ಕೆ ಮೊದಲು ಒಂದು ಹಿಡಿಯನ್ನೂ ಯಾರಿಗೂ ಕೊಡಬಾರದು. ಅವಳ ತಾಯಿಯೂ ಕೊಟ್ಟಿರಲಿಲ್ಲ. ನನ್ನ ಗಂಡ ಬಕಾರಿ ತನ್ನ ದೋಣಿಯಲ್ಲಿ ಅವಳಿಗೆ ಕಲ್ಲು ತಂದುಕೊಡುತ್ತಿದ್ದ. ಒಂದೊಂದನ್ನೂ ತಟ್ಟಿ ನೋಡಿ, ಬೇಡವಾದದ್ದನ್ನು ಅವನ ಕಾಲ ಬಳಿಗೇ ಎಸೆಯುತ್ತಿದ್ದಳು. ಬಕಾರಿ ತೀರಿಕೊಂಡಾಗ ಮಾತನಾಡಿಸಲು ಬಂದವಳು ಅಳಲಿಲ್ಲ. ನನ್ನ ಪಕ್ಕ ಚಾಪೆಯ ಮೇಲೆ ಕೂತು, "ದೋಣೀನ ಬಿಸಿಲಿಗೆ ಬಿಟ್ಟಿಲ್ಲ ತಾನೇ? ಹಲಗೆ ಬಿರುಕು ಬಿಡುತ್ತೆ" ಎಂದಳು. ಆ ದಿನ ನನಗೆ ಬಂದ ಸಿಟ್ಟು ಹೇಳತೀರದು. ಆದರೆ ಎದ್ದು ಹೋಗಿ ದೋಣಿಯ ಮೇಲೆ ಚಾಪೆ ಹೊದಿಸಿದೆ.

ಶೆಕುವೆಗೂ ಅವಳಿಗೂ ಜಟಾಪಟಿ ಶುರುವಾದದ್ದು ಅವನ ಮಗಳ ಮದುವೆಯಿಂದ. ನಾಲ್ಕು ಅಂಗಡಿಗಳ ಯಜಮಾನ, ಮೆತ್ತಗೆ ಮಾತನಾಡುವವ, ಯಾರ ಜಗುಲಿಯ ಮೇಲೆ ಕೂತರೂ ಅಲ್ಲಿ ಕಾಫಿ ಬರುತ್ತಿತ್ತು. ಮದುಮಗಳ ಕೋಣೆಗೆ ಹೊಸ ಗಿಲಾವು ಆಗಬೇಕೆಂದು ಸುಣ್ಣ ಕೇಳಲು ಬಂದ.

"ಬಿ ತೀಮಾ, ಮದುವೆ ಬರೋ ತಿಂಗಳು. ದೊಡ್ಡ ಮಳೆಗೆ ಇನ್ನೂ ಐದು ತಿಂಗಳಿದೆ."

"ಹಾಗಾದ್ರೆ ಮದುವೆ ಮುಂದಕ್ಕೆ ಹಾಕು."

"ಸುಣ್ಣಕ್ಕೋಸ್ಕರ ಯಾರಾದ್ರೂ ಮದುವೆ ಮುಂದಕ್ಕೆ ಹಾಕ್ತಾರಾ?"

"ಹುಡುಗನ್ನ ಒಂದು ಸಂಜೆ ನೋಡಿ ಒಪ್ಪಿಕೊಂಡ್ರಿ. ಅವನು ವರ್ಷದಲ್ಲಿ ಎಂಟು ತಿಂಗಳು ಹಡಗಿನ ಮೇಲಿರ್ತಾನೆ. ನಿನ್ನ ಮಗಳು ಬಾಳಬೇಕಾಗಿರೋದು ಗೋಡೆ ಜೊತೆ."

ಜಗುಲಿಗಳು ಆ ಮಾತನ್ನು ವಾರಗಟ್ಟಲೆ ಅಗಿದವು. ಶೆಕುವೆಯೂ ನಕ್ಕ, ಆದರೆ ಮೆತ್ತಗಿನ ಜನ ತಮ್ಮನ್ನು ನೋಡಿ ಊರು ನಕ್ಕದ್ದನ್ನು ಮರೆಯುವುದಿಲ್ಲ.

ಒಮ್ಮೆ ದೂರದ ವಿಶ್ವವಿದ್ಯಾಲಯದಿಂದ ಕೆಲವರು ಬಂದು ನಮ್ಮ ಹಳೆಯ ಮಸೀದಿಯ ಪಕ್ಕದಲ್ಲಿ ನೆಲ ಅಗೆದರು. ಈಗಿರುವ ಕಲ್ಲಿನ ಮಸೀದಿಯ ಕೆಳಗೆ ಅದಕ್ಕಿಂತ ಸಣ್ಣದೊಂದು, ಅದರ ಕೆಳಗೆ ಮರದ ಕಂಬಗಳ ಗುಳಿಗಳು, ಅದಕ್ಕೂ ಕೆಳಗೆ ಇಪ್ಪತ್ತು ಜನ ಸಾಲಾಗಿ ನಿಂತರೆ ತುಂಬಿಹೋಗುವಷ್ಟು ಪುಟ್ಟದೊಂದು ಮಸೀದಿಯ ನೆಲ: ಹೀಗೆ ಒಂದರ ತಲೆಯ ಮೇಲೊಂದು ಕೂತಿದ್ದವು. ಕಲ್ಲಿನಲ್ಲಿ ಕಟ್ಟಿದವುಗಳಲ್ಲಿ ಅತಿ ಹಳೆಯದರ ನೆಲಕ್ಕೆ ಸಾವಿರ ವರ್ಷವಾಗಿದೆ ಎಂದು ಹೇಳಿ ಅದರ ಸುಣ್ಣದ ಒಂದು ಬಿಳಿ ಹಕ್ಕಳೆಯನ್ನು ಎಲ್ಲರಿಗೂ ತೋರಿಸುತ್ತಿದ್ದರು. ಬಿ ತೀಮಾ ಅದನ್ನು ಅವರ ಕೈಯಿಂದ ತೆಗೆದುಕೊಂಡು ಬಾಯಿಗಿಟ್ಟಳು. ಕನ್ನಡಕದ ಹುಡುಗಿಯೊಬ್ಬಳು ಹೌಹಾರಿ ಅವಳ ಕೈ ಹಿಡಿದಳು.

"ಬಿಡಮ್ಮ, ತಿನ್ನಲ್ಲ," ಎಂದಳು ಬಿ ತೀಮಾ. "ಇದಕ್ಕೆ ಮೂರು ಮಳೆ ಕೊಟ್ಟಿದಾರೆ. ನಾವೇ ಸೋಮಾರಿಗಳು, ಎರಡಕ್ಕೆ ಇಳಿಸಿದೀವಿ."

ಅವರು ನಕ್ಕು, ಆಮೇಲೆ ಅದನ್ನು ಬರೆದುಕೊಂಡರು. ಯಾರೋ ಹೆಸರಿಲ್ಲದವರು ಸಾವಿರ ವರ್ಷದ ಹಿಂದೆ ತನ್ನನ್ನು ಕಸುಬಿನಲ್ಲಿ ಸೋಲಿಸಿದ್ದು ಅವಳಿಗೆ ಅವಮಾನವಾಗಿತ್ತು.

ಆ ಮಸೀದಿಯೊಳಗೆ ಹೆಂಗಸರು ಹೋಗುವ ವಾಡಿಕೆಯಿಲ್ಲ. ಮಕ್ಕಾದ ಕಡೆಯ ಗೋಡೆ, ಇಮಾಮರು ಎದುರಿಗೆ ನಿಲ್ಲುವ ಮಿಹ್ರಾಬಿನ ಗೂಡು, ಅದರ ಸುತ್ತ ಹವಳದಲ್ಲಿ ಕೊರೆದ ಹಗ್ಗದ ಹೆಣಿಗೆ ಮತ್ತು ಎಲೆಯ ಸಾಲು, ಇವಕ್ಕೆಲ್ಲ ಮೂರು ತಲೆಮಾರು ಸುಣ್ಣ ಕೊಟ್ಟ ಹೆಂಗಸರು ಅವನ್ನು ಕಂಡಿರಲಿಲ್ಲ. ಬಿ ತೀಮಾಳ ತಂದೆ ಮೇಸ್ತ್ರಿಯಾಗಿದ್ದ. ಅವಳು ಚಿಕ್ಕವಳಿದ್ದಾಗ ತಟ್ಟೆಯಲ್ಲಿ ಅಕ್ಕಿಹಿಟ್ಟು ಹರವಿ, ಆ ಹಗ್ಗ ಹೇಗೆ ಸುತ್ತಿ ಮೇಲೆ ಹೋಗುತ್ತದೆಂದು ಬೆರಳಲ್ಲಿ ಬರೆದು ತೋರಿಸಿದ್ದನಂತೆ. ಹಸಿಯಾಗಿದ್ದಾಗ ಹವಳ ಕೊರೆಯಲು ಮೆದು, ಒಣಗಿದ ಮೇಲೆ ಒಪ್ಪುವುದಿಲ್ಲ, ಕೊರೆದವನು ಸಮುದ್ರದಿಂದ ಕಲ್ಲು ಬಂದ ದಿನವೇ ಉಳಿ ಹಿಡಿದಿರಬೇಕು ಎಂದಿದ್ದನಂತೆ. ಅವಳಿಗೆ ಆ ಮಿಹ್ರಾಬ್ ಗೊತ್ತಿದ್ದದ್ದು ಅಷ್ಟೇ, ಒಂದು ತಟ್ಟೆಯಷ್ಟು.

ಶೆಕುವೆ ಮಸೀದಿ ಸಮಿತಿಯ ಅಧ್ಯಕ್ಷನಾದ ವರ್ಷ ಆ ಗೋಡೆಯ ಸುಣ್ಣ ಅಲ್ಲಲ್ಲಿ ಪುಡಿಯಾಗಿ ಉದುರುತ್ತಿತ್ತು. ಪ್ರವಾದಿಗಳ ಹುಟ್ಟಿದ ಹಬ್ಬಕ್ಕೆ ಹೊರಗಿನಿಂದ ಅತಿಥಿಗಳು ಬರುವವರಿದ್ದರು. ಗುಂಡಿಯಲ್ಲಿದ್ದ ಸುಣ್ಣಕ್ಕೆ ಒಂದೇ ಮಳೆಯಾಗಿತ್ತು, ಅವಳು ಕೊಡಲಿಲ್ಲ. ಕೊಲ್ಲಿ ದೇಶಗಳಲ್ಲಿ ದುಡಿಯುವ ನಮ್ಮೂರಿನವರು ಕಳಿಸಿದ ಸಿಮೆಂಟಿನ ಚೀಲಗಳು ದೋಣಿಯಿಂದ ಇಳಿದವು. ಕೆತ್ತನೆಯ ಮೇಲೂ ಸೇರಿಸಿ ಗಿಲಾವು ಮಾಡಿದವನು ಅವಳ ಅಣ್ಣನ ಮಗ, ಮೇಸ್ತ್ರಿ ಫಾಮಾವ್. ಮಾಡುವ ಮೊದಲು ಅವಳಿಗೆ ಹೇಳಲು ಬಂದಿದ್ದ. ಅಷ್ಟು ಮರ್ಯಾದೆ ಅವನಲ್ಲಿತ್ತು.

"ಅತ್ತೆ, ಸಿಮೆಂಟು ಒಂದೇ ದಿನದಲ್ಲಿ ಗಟ್ಟಿ ಆಗುತ್ತೆ."

"ಹೆಣಾನೂ ಆಗುತ್ತೆ," ಎಂದಳು, ಮೀನು ಹೆಚ್ಚುವುದನ್ನು ನಿಲ್ಲಿಸದೆ.

ಮೂರು ವರ್ಷಕ್ಕೆ ಗೋಡೆ ಬೆವರತೊಡಗಿತು. ಸಿಮೆಂಟಿನ ಕೆಳಗೆ ಉಬ್ಬು, ಬಿರುಕುಗಳಲ್ಲಿ ಬಿಳಿ ಹರಳು. ಆಗ ಶೆಕುವೆ ಶುಕ್ರವಾರದ ನಮಾಜು ಮುಗಿದ ಮೇಲೆ ಎದ್ದು ನಿಂತು, ಮೆತ್ತಗೆ, ತಪ್ಪು ಸಿಮೆಂಟಿನದಲ್ಲ ಎಂದ. ಒಳಗಿನ ಹಳೆಯ ಸುಣ್ಣದಲ್ಲೇ ಉಪ್ಪಿತ್ತು, ಹೆಂಗಸರು ಹಿತ್ತಲಲ್ಲಿ ಮಾಡಿದ ಸರಕು, ಅದಕ್ಕೆ ಅಳತೆ ಇಲ್ಲ ಲೆಕ್ಕ ಇಲ್ಲ. ಗೋಡೆಯನ್ನು ಬುಡದಿಂದ ಒಡೆದು ಕಾಂಕ್ರೀಟಿನಲ್ಲಿ ಎಬ್ಬಿಸೋಣ, ಹೊಸ ಮಿಹ್ರಾಬನ್ನು ನುಣುಪು ಕಲ್ಲಿನಲ್ಲಿ ತರಿಸೋಣ ಎಂದ. ಗಂಡಸರು ಮನೆಗೆ ಬಂದು ತೆಂಗಿನಹಾಲಿನ ಅನ್ನ ತಿನ್ನುತ್ತ ಇದನ್ನು ಹೇಳಿದರು. ಊಟ ಮುಗಿಯುವುದರೊಳಗೆ ಅದು ಅವಳ ಕಿವಿ ಮುಟ್ಟಿತು. ನಾನು ಹೋದಾಗ ಕೈ ತೊಳೆಯುತ್ತಿದ್ದಳು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು.

"ನಮ್ಮಮ್ಮ ಸತ್ತು ನಲವತ್ತೆರಡು ವರ್ಷ," ಎಂದಳು. "ಆ ಗೋಡೆಗೆ ಸುಣ್ಣ ಕೊಟ್ಟವಳು. ಅವಳನ್ನ ಕಳ್ಳಿ ಅಂದ್ರು, ಮಸೀದಿ ಒಳಗೆ ನಿಂತು."

ಮರುದಿನ ಹೊತ್ತೇರಿದಾಗ, ಸಮಿತಿಯವರು ಗೋಡೆಗೆ ದಾರ ಹಿಡಿದು ಅಳೆಯುತ್ತಿದ್ದಾಗ, ಅವಳು ಮಸೀದಿಯ ಅಂಗಳದ ಹೊಂಡದಲ್ಲಿ ಕಾಲು ತೊಳೆದು ಒಳಗೆ ನಡೆದಳು. ನಾನು ಅವಳ ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಹೋದೆ. ಯಾರೂ ತಡೆಯಲಿಲ್ಲ, ತಡೆಯುವುದು ಯಾರ ಕೆಲಸವೆಂದು ಅವರಲ್ಲೇ ತೀರ್ಮಾನವಾಗಿರಲಿಲ್ಲ. ಇಮಾಮರು, ನಾವೆಲ್ಲ ಗುರು ಎಂಬ ಅರ್ಥದಲ್ಲಿ ಮ್ವಾಲಿಮು ಅಯೂಬ್ ಎಂದು ಕರೆಯುವವರು, ಕಂಬಕ್ಕೆ ಒರಗಿ ಕೂತಿದ್ದವರು ಎದ್ದು ನಿಂತರು. ಅವಳು ಸಿಮೆಂಟಿನ ಬಿರುಕಿಗೆ ನಾಲಿಗೆ ತಾಗಿಸಿ ಉಗುಳುವಂತಿಲ್ಲದೆ ಬುಯಿಬುಯಿಯ ಅಂಚಿಗೆ ಒರೆಸಿಕೊಂಡಳು. ಆಮೇಲೆ ತಲೆಯೆತ್ತಿ ಮಿಹ್ರಾಬಿನ ಒಳಗುಮ್ಮಟವನ್ನು ನೋಡಿದಳು. ಅಲ್ಲಿ, ಫಾಮಾವನ ಕರಣೆ ತಲುಪದ ಮೂಲೆಯಲ್ಲಿ, ಅಂಗೈಯಷ್ಟು ಹಳೆಯ ಸುಣ್ಣ ಹಾಗೇ ಉಳಿದಿತ್ತು.

"ಫಾಮಾವ್, ಹತ್ತು. ಅಲ್ಲಿಂದ ಉಗುರಷ್ಟು ಕೆರೆದು ಕೊಡು."

ಅವನು ಕೊಟ್ಟ. ಅವಳು ಅದನ್ನು ತಾನು ಬಾಯಿಗಿಡದೆ ಶೆಕುವೆಯ ಮುಂದೆ ಹಿಡಿದಳು.

"ನೆಕ್ಕು."

"ನಾನೇನು ಮೇಕೆನಾ, ಬಿ ತೀಮಾ?"

"ಮೇಕೆಗಾಗಿದ್ರೆ ಇಷ್ಟೊತ್ತಿಗೆ ಗೊತ್ತಾಗಿರೋದು."

ಯಾರೋ ಹಿಂದೆ ಕೆಮ್ಮಿ ನಗು ನುಂಗಿದರು. ಶೆಕುವೆ ಕೈ ಚಾಚಲಿಲ್ಲ. ಚಾಚಿದವರು ಮ್ವಾಲಿಮು. ಬಿರುಕಿನ ಹರಳನ್ನು ನಾಲಿಗೆಗಿಟ್ಟು ನೋಡಿದರು, ನೀರು ಮುಕ್ಕಳಿಸಿ ಬಂದರು, ಆಮೇಲೆ ಹಳೆಯ ಸುಣ್ಣದ ಚೂರನ್ನು ನಾಲಿಗೆಯ ಮೇಲಿಟ್ಟುಕೊಂಡರು.

"ಇದರಲ್ಲಿ ಏನೂ ಇಲ್ಲ," ಎಂದರು. "ಬರೀ ಸುಣ್ಣ. ಹಾಗಾದ್ರೆ ಉಪ್ಪು ಎಲ್ಲಿಂದ, ತಾಯಿ?"

"ನೆಲದಿಂದ, ಮ್ವಾಲಿಮು. ಈ ಊರಿನ ನೆಲವೇ ಉಪ್ಪು. ಸುಣ್ಣದ ಗೋಡೆ ಅದನ್ನ ಹೊರಗೆ ಬಿಡ್ತಿತ್ತು. ಸ್ವಲ್ಪ ಪುಡಿ ಉದುರ್ತಿತ್ತು, ಗುಡಿಸಿ ಬಳಿದ್ರೆ ಮುಗೀತು. ಇವರು ಅದರ ಮೂಗು ಬಾಯಿ ಕಟ್ಟಿದ್ರು. ಈಗ ಅದು ಕಲ್ಲನ್ನ ಒಳಗಿಂದ ತಿಂತಿದೆ."

ಗೋಡೆ ಉಳಿಯಿತು. ಒಡೆಯುವುದು ಬೇಡ, ಸಿಮೆಂಟು ಕೀಳಿ ಎಂದು ಮ್ವಾಲಿಮು ಹೇಳಿದರು. ಆದರೆ ಸಿಮೆಂಟು ತಾನು ಹಿಡಿದದ್ದನ್ನು ಬಿಟ್ಟುಕೊಡುವ ಜಾತಿಯದಲ್ಲ. ಫಾಮಾವ್ ಎಷ್ಟು ಹಗುರವಾಗಿ ಉಳಿ ಇಟ್ಟರೂ, ಸುಟ್ಟ ಗಾಯಕ್ಕೆ ಅಂಟಿದ ಬಟ್ಟೆ ಕಿತ್ತಂತೆ, ಸಿಮೆಂಟಿನ ಚಕ್ಕೆಗಳ ಜೊತೆ ಹವಳದ ಮುಖವೂ ಎದ್ದು ಬಂತು. ಎಡಗಡೆಯ ಹಗ್ಗ ಉಳಿಯಿತು. ಬಲಗಡೆಯದು, ಬುಡದಿಂದ ಕಮಾನಿನವರೆಗೆ, ಚೂರುಚೂರಾಗಿ ನೆಲಕ್ಕೆ ಬಿತ್ತು. ಬಿ ತೀಮಾ ತನ್ನ ಬದುಕಿನಲ್ಲಿ ಮೊದಲ ಸಲ ಆ ಹೆಣಿಗೆಯನ್ನು ಹತ್ತಿರದಿಂದ ನೋಡಿದ್ದು ಸಿಮೆಂಟಿನ ಚಕ್ಕೆಯ ಬೆನ್ನಲ್ಲಿ, ತಿರುವುಮುರುವಾಗಿ ಒತ್ತಿದ ಅಚ್ಚಿನ ಹಾಗೆ. ಅವಳ ಹೊಳ್ಳೆಗಳು ಅರಳಿದ್ದನ್ನು ನೋಡಿ ಫಾಮಾವ್ ಉಳಿ ಕೆಳಗಿಟ್ಟ.

"ಬೈಯಿ ಅತ್ತೆ," ಎಂದ. "ಬೈದುಬಿಡು."

ಅವಳು ಬೈಯಲಿಲ್ಲ. ಅವನು ಅತ್ತದ್ದು ಅದಕ್ಕೇ.

ಚೂರುಗಳು ಮೂರು ಬುಟ್ಟಿಯಾದವು. ಅವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬಾಗಿಲ ಪಕ್ಕ ನಿಲ್ಲಿಸೋಣ, ಸಮಿತಿಯ ಹೆಸರಿನಲ್ಲಿ ಒಂದು ಫಲಕ ಬರೆಸೋಣ ಎಂದು ಶೆಕುವೆ ಹೇಳಿದ, ಈ ಸಲ ಅವನ ಮಾತು ನನಗೂ ಸರಿಯೆನಿಸಿತು. ಪೆಟ್ಟಿಗೆ ಬರುವ ಮೊದಲೇ ಬಿ ತೀಮಾ ಮೂರೂ ಬುಟ್ಟಿಗಳನ್ನು ಒಂದೊಂದಾಗಿ ಬಲ ಸೊಂಟದ ಮೇಲೆ ಹೊತ್ತು ತನ್ನ ಹಿತ್ತಲಿಗೆ ಸಾಗಿಸಿದ್ದಳು. ಉತ್ತರದ ಗಾಳಿ ಹಿಡಿದ ಬೆಳಿಗ್ಗೆ ಕೋಟು ಹಾಕಿಕೊಂಡು ಕಟ್ಟಿಗೆ ಜೋಡಿಸಿ ಬೆಂಕಿ ಹಚ್ಚಿ, ಹೊಸ ಕಲ್ಲುಗಳ ನಡುವೆ ಆ ಚೂರುಗಳನ್ನು ಸುರಿಯುತ್ತಿದ್ದಾಗ ನಾನು ಓಡಿ ಹೋಗಿ ಬುಟ್ಟಿಗೆ ಕೈ ಹಾಕಿದೆ.

"ತೀಮಾ, ಏನೇ ಮಾಡ್ತಿದೀಯ? ಎಂಥ ಕೆತ್ತನೆ ಅದು."

"ಕೆತ್ತನೆ ಹೋಯ್ತು. ಇದು ಕಲ್ಲು."

"ಗಾಜಿನೊಳಗೆ ಇಟ್ರೆ ಮಕ್ಕಳು ಮೊಮ್ಮಕ್ಕಳು ನೋಡ್ತಾರೆ."

"ಗೋಡೆ ಇನ್ನೂ ನಿಂತಿದೆ," ಎಂದಳು. "ನಿಂತಿರೋದಕ್ಕೆ ಯಾರಾದ್ರೂ ಗೋರಿ ಕಟ್ತಾರಾ? ಕೈ ತೆಗಿ, ಸುಟ್ಕೊಳ್ತೀಯ."

ಊರು ಅವಳನ್ನು ಹುಚ್ಚಿ ಎಂದಿತು. ಶೆಕುವೆ ಅವಳ ಬಗ್ಗೆ ಮರುಕದಿಂದ ಮಾತನಾಡಿದ. ನಾನು ನಾಲ್ಕು ತಿಂಗಳು ಅವಳ ಮನೆಯ ಕಡೆ ತಲೆ ಹಾಕಲಿಲ್ಲ. ಆ ಸುಣ್ಣ ಎರಡು ದೊಡ್ಡ ಮಳೆ ನೆನೆಯಿತು, ಅಷ್ಟೂ ಕಾಲ ಗಂಡಸರು ಹರಿದ ಮೈಯಂತಿದ್ದ ಬತ್ತಲೆ ಗೋಡೆಯ ಮುಂದೆ ಹಣೆ ಊರಿ, ಹೊರಗೆ ಬಂದು ಗೊಣಗಿದರು. ಎರಡನೆಯ ಮಳೆ ನಿಂತ ವಾರ ಫಾಮಾವ್ ಅದರಿಂದಲೇ ಗಾರೆ ಕಲಸಿ ಆ ಗೋಡೆಗೆ ಬಳಿದ. ಬಲಗಡೆಗೆ ಹೊಸ ಹಗ್ಗ ಕೊರೆಯಲು ಅವನಿಗೆ ಬರುತ್ತಿರಲಿಲ್ಲ, ನಯವಾಗಿ ಬಳಿದು ಬಿಟ್ಟ. ಬಂದು ನೋಡು ಎಂದು ಕರೆದರೆ ಅವಳು, "ನೋಡೋಕೇನಿದೆ, ಬಿಳಿ ಗೋಡೆ" ಎಂದು ಗುಂಡಿಯ ತಳ ಕೆರೆಯುತ್ತ ಕೂತಳು. ಆರು ವರ್ಷದ ಮೇಲೆ ತೀರಿಕೊಂಡಳು. ಮಸೀದಿಯ ಬಾಗಿಲಲ್ಲಿ ಈಗ ಒಂದು ಫಲಕವಿದೆ. ಪುರಾತನ ಮಿಹ್ರಾಬನ್ನು ಉಳಿಸಿದವರು ಶೆಕುವೆ ಮತ್ತು ಸಮಿತಿ ಎಂದು ಬರೆದಿದೆಯೆಂದು ನನ್ನ ಮೊಮ್ಮಗಳು ಓದಿ ಹೇಳಿದಳು.

ಬಿ ತೀಮಾಳಂಥವರನ್ನು ನಾವು ಹಳೆಯದನ್ನು ಕಾಯುವವರೆಂದು ತಿಳಿಯುತ್ತೇವೆ. ಕಾಯುವವರು ಬೇರೆ; ಅವರು ಪೆಟ್ಟಿಗೆ ಮಾಡಿಸುತ್ತಾರೆ, ಬೀಗ ಹಾಕುತ್ತಾರೆ, ಹೆಸರು ಬರೆಸುತ್ತಾರೆ, ಅವರೊಡನೆ ಬಾಳುವುದು ಸುಲಭ. ಇವರು ನಮ್ಮ ಕಣ್ಣೆದುರಿಗೇ ನಮ್ಮ ಅತಿ ಪ್ರೀತಿಯ ವಸ್ತುವನ್ನು ಬೆಂಕಿಗೆ ಸುರಿಯುತ್ತಾರೆ, ನಾವು ಅಳುತ್ತಿರುವಾಗ ಮುಂದಿನ ಮಳೆಗೆ ಗುಂಡಿ ತೆರೆದಿಡುತ್ತಾರೆ, ತಾವು ಸರಿ ಎಂದು ಒಪ್ಪಿಸುವ ಗೋಜಿಗೆ ಹೋಗುವುದಿಲ್ಲ. ಅವರಿಗೆ ಕೃತಜ್ಞತೆ ಹೇಳಲು ಹೋದರೆ ಬೈಸಿಕೊಂಡು ಬರಬೇಕು. ಆ ಮೂರು ಬುಟ್ಟಿಗಳಿಗಾಗಿ ನಾನು ಅವಳನ್ನು ಕ್ಷಮಿಸಿಲ್ಲ, ಆ ಫಲಕಕ್ಕಾಗಿ ಊರನ್ನೂ ಕ್ಷಮಿಸಿಲ್ಲ. ಎರಡು ಸಿಟ್ಟನ್ನೂ ಒಟ್ಟಿಗೆ ಇಟ್ಟುಕೊಂಡು ಬಾಳುವುದನ್ನು ಅಂಥವರ ನೆರೆಯಲ್ಲಿ ಮುದುಕಿಯಾದವರು ಕಲಿಯುತ್ತಾರೆ, ಬೇರೆ ಯಾರಿಗೂ ಅದು ಬರುವುದಿಲ್ಲ.