ಎಸ್ತರವ್ವನನ್ನು ಮಲಗಿಸುವುದು

ಎಸ್ತರವ್ವ ಹುಟ್ಟಿದ್ದು ಮುಂಬಯಿಯ ಮಜಗಾಂವದ ಚೀನೀ ಗಲ್ಲಿಯಲ್ಲಿ. ಅಪ್ಪ ಹಡಗುಕಟ್ಟೆಯ ಚೀನೀ ಬಡಿಗ. ಆ ಗಲ್ಲಿಯವರು ಸತ್ತರೆ ಕೆಲವು ವರ್ಷ ಬಿಟ್ಟು ಎಲುಬು ತೆಗೆದು ಚೀನಾಕ್ಕೆ ಕಳಿಸುತ್ತಿದ್ದರಂತೆ. ತನ್ನ ಎಲುಬನ್ನು ಕಳಿಸುವವರಿಲ್ಲ, ಸತ್ತ ಮೇಲೂ ತಾನು ಅಲೆಯುತ್ತಲೇ ಇರಬೇಕು ಎಂದು ಅವಳ ತಾಯಿ ಕಾಯಿಲೆಯಲ್ಲಿ ನಡುಗುತ್ತಿದ್ದಳು. ಹುಡುಗಿಯರಿಗೆ ಅಕ್ಷರ ಕಲಿಸಲು ಬರುತ್ತಿದ್ದ ಕ್ರೈಸ್ತ ಮಿಶನ್ನಿನ ಹೆಂಗಸು ಹಾಸಿಗೆಯ ಬದಿಗೆ ಕೂತು, "ಯಾವ ಮಣ್ಣಾದರೂ ಸರಿ, ಮಲಗು. ಕಡೆಯ ದಿನ ಎಬ್ಬಿಸುವವನು ಅಲ್ಲಿಗೇ ಬರುತ್ತಾನೆ" ಎಂದಳು. ತಾಯಿಯ ನಡುಕ ನಿಂತಿತು. ಆ ವಾರವೇ ತೀರಿಕೊಂಡಳು.

ಮಿಶನ್ನಿನಲ್ಲಿ ಬೆಳೆದ ಮಗಳು ಬೈಬಲ್ ಮಾರುವ ಕನ್ನಡದವನೊಬ್ಬನನ್ನು ಮದುವೆಯಾಗಿ ಬೈಲಹೊಂಗಲಕ್ಕೆ ಬಂದಳು. ಮಕ್ಕಳಾಗಲಿಲ್ಲ. ಗಂಡ ತೀರಿಹೋದ ಮೇಲೆ ಪಕ್ಕದ ಮನೆಯ ಸೊಸೆಯಾದ ನನಗೇ ಅವಳು ಎಲ್ಲ ಹೇಳುತ್ತಿದ್ದಳು.

"ನಿಮ್ಮ ಲಿಂಗಾಯತ ಮಂದಿ ಸತ್ತ ಮ್ಯಾಲೂ ಕುಂದ್ರಸ್ತೀರಿ. ನನಗ ಮಣಕಾಲ ಬ್ಯಾನಿ ಐತಿ ತಂಗಿ, ನನ್ನ ಮಲಗಸ್ರಿ," ಎಂದು ಒಂದು ದಿನ ನಕ್ಕಳು. ಆಮೇಲೆ ನಗು ಬಿಟ್ಟು, "ಮರೀಬ್ಯಾಡ," ಎಂದಳು.

೧೯೯೭ರ ಏಪ್ರಿಲ್‌ನಲ್ಲಿ, ಒಂದು ನಸುಕಿನಲ್ಲಿ, ಅವಳ ಉಸಿರು ನಿಂತಿತು. ನಾನೇ ಕೈಕಾಲು ನೀಡಿಸಿ ಹೊದಿಸಿದೆ. ಹಾಗೇ ಇರಲಿ ಎಂದು ನಮ್ಮ ಅತ್ತೆ ಕೆಂಚವ್ವನಿಗೆ ಎರಡು ಸಲ ಹೇಳಿ, ಪಾದ್ರಿಯನ್ನೂ ಶವಪೆಟ್ಟಿಗೆಯನ್ನೂ ತರಲು ಧಾರವಾಡಕ್ಕೆ ಹೋದೆ. ಪೆಟ್ಟಿಗೆ ಸಿದ್ಧವಾಗಲು ಮಧ್ಯಾಹ್ನವಾಯಿತು.

ಜೀಪು ಓಣಿಗೆ ತಿರುಗಿದಾಗ ಭಜನೆ ಕೇಳಿಸಿತು. ಎಸ್ತರವ್ವ ಗೋಡೆಗೆ ಒರಗಿ ಪದ್ಮಾಸನದಲ್ಲಿ ಕೂತಿದ್ದಳು. ಗದ್ದಕ್ಕೆ ಬಟ್ಟೆ ಕಟ್ಟಿ ಮೊಳೆಗೆ ಬಿಗಿದಿದ್ದರು. ಕೊರಳ ತುಂಬ ಹೂ.

"ನೀ ಹೇಳಿದ್ದಿ, ಖರೆ," ಎಂದರು ಅತ್ತೆ. "ಓಣಿ ಮಂದಿ ಕೂಡಿತು. ನೆಲಕ್ಕ ಬಿದ್ದಿರೂದು ನೋಡಿ, ದಿಕ್ಕಿಲ್ಲದಾಕಿ ಏನ್ರಿ ಅಂದ್ರು. ನನಗ ತಡಕೊಳ್ಳಾಕ ಆಗಲಿಲ್ಲವಾ."

ಓಣಿಯ ಹಿರಿಯರಾದ ಬಸಲಿಂಗಪ್ಪ ತಮ್ಮ ಮನೆಯ ರೇಶ್ಮೆ ಶಾಲು ತಂದು ಹೊದಿಸಿದ್ದರು. ಅಷ್ಟು ಪ್ರೀತಿಯ ಎದುರು ಯಾರನ್ನು ಬೈಯಲಿ.

ಬಟ್ಟೆ ಬಿಚ್ಚಿದೆವು. ಮೈ ಸೆಟೆದುಹೋಗಿತ್ತು; ಮಡಿಸಿದ ಕಾಲು ನೀಡಲಿಲ್ಲ. ನಾನು ಮೊಣಕಾಲು ಹಿಡಿದು ತಿಕ್ಕಿದೆ, ಎಣ್ಣೆ ಹಚ್ಚಿದೆ, ಬಿಸಿನೀರಿನ ಬಟ್ಟೆ ಇಟ್ಟೆ.

"ಜೋರ್ ಮಾಡಿದ್ರ ಮುರೀತೈತಿ," ಎಂದರು ಬಸಲಿಂಗಪ್ಪ ಮೆಲ್ಲಗೆ.

"ನಾಳೆ ಸಡಿಲ ಆಗಬಹುದು," ಎಂದರು ಪಾದ್ರಿ. ಆದರೆ ಆ ಬಿಸಿಲಿಗೆ ನಾಳೆಯ ತನಕ ಇಡುವಂತಿರಲಿಲ್ಲ. ಅವರು ಅಂಗಳಕ್ಕೆ ಹೋಗಿ, ತಂದ ಪೆಟ್ಟಿಗೆಯ ಮುಚ್ಚಳ ಮುಚ್ಚಿದರು.

ಗಂಡನ ಗೋರಿಯ ಪಕ್ಕ ಉದ್ದಕ್ಕೆ ತೋಡಿದ್ದ ಗುಂಡಿಯನ್ನು ನಾನು ಅಗಲ ಮಾಡಿಸಿದೆ. ಕೂರಿಸಿಯೇ ಇಳಿಸೋಣವೆಂದು ಓಣಿಯವರು ಅಂದರೆ ನಾನು ಒಪ್ಪಲಿಲ್ಲ. ಪೆಟ್ಟಿಗೆಯಿಲ್ಲದೆ, ಶಾಲಿನಲ್ಲೇ, ಒಂದು ಮಗ್ಗುಲಿಗೆ ಇಳಿಸಿದರು. ಮೇಲಿನ ಮೊಣಕಾಲು ನೆಲ ಮುಟ್ಟದೆ ನಿಂತಿತು. ಅದರ ಕೆಳಗೆ ಬಸಲಿಂಗಪ್ಪ ಕೈಯಿಂದಲೇ ಮಣ್ಣು ತುಂಬಿದರು.

ನಾನು ಬಗ್ಗಿ ನೋಡಿದೆ. ಮಲಗಿದವಳಂತೆ ಕಾಣಲಿಲ್ಲ. ಕೂತಲ್ಲೇ ಉರುಳಿಬಿದ್ದವಳಂತೆ ಕಂಡಳು.

"ನಡೀತೈತೇನವಾ, ಹಿಂಗ?" ಬಸಲಿಂಗಪ್ಪ ಗುಂಡಿಯೊಳಗಿಂದ ಮುಖವೆತ್ತಿ ಕೇಳಿದರು. ಅವರ ಕಣ್ಣು ತುಂಬಿತ್ತು.

"ಹೂಂರಿ," ಎಂದೆ.