ಬೆಳ್ಳಿ ಬಣ್ಣದ ಹೀಲ್

ನೀರು ಬಿಸಿಯಾಯಿತೇನೋ, ಇಲ್ಲ, ನನ್ನ ಕೈಯೇ ಬಿಸಿ, ರೇಡಿಯೋದಲ್ಲಿ ಮತ್ತೆ ನನ್ನ ತಂಗಿ, ನನ್ನ ಹಾಡನ್ನು ಹಾಡುತ್ತಿದ್ದಾಳೆ, ಬರೀ ಪಿಯಾನೋ, ಮೆಲ್ಲಗೆ, ಮಗುವನ್ನು ಮಲಗಿಸುವ ಹಾಗೆ — ಪಾರ್ಲರಿನ ತೊಟ್ಟಿಗೆ ತಲೆ ಕೊಟ್ಟು ಮಲಗಿದ ಗಿರಾಕಿ ಕಣ್ಣು ಮುಚ್ಚಿದ್ದಾಳೆ, ಎಷ್ಟು ಚೆನ್ನಾಗಿ ಹಾಡ್ತಾಳಲ್ವಾ, ಇದರ ಹಳೇದೊಂದು ಇತ್ತಂತೆ, ಬರೀ ಗಲಾಟೆಯಂತೆ — ಹೌದಮ್ಮ, ಆ ಗಲಾಟೆ ನಾನೇ, ಎಂದುಕೊಂಡು ಇನ್ನಷ್ಟು ಶಾಂಪೂ ಹಾಕಿದೆ. ಇಪ್ಪತ್ತೆರಡು ವರ್ಷ ಆಗ ನನಗೆ, ಗ್ಲ್ಯಾಮ್ ರಾಕ್ ಎಂಬ ಥಳುಕಿನ, ಅಬ್ಬರದ ಸಂಗೀತ, ರೆಪ್ಪೆಗೆ ಮಿನುಗುಪುಡಿ, ಗೇಣುದ್ದ ಹೀಲಿನ ಬೆಳ್ಳಿ ಬಣ್ಣದ ಬೂಟು, ಮೈದಾನಗಳಲ್ಲಿ ಈಗಲೂ ಆ ಹಾಡಿಗೆ ಸಾವಿರಾರು ಜನ ಕಾಲು ಕುಟ್ಟುತ್ತಾರೆ, ಹಾಡಿದವಳು ಯಾರೆಂದು ಒಬ್ಬರಿಗೂ ಗೊತ್ತಿಲ್ಲ, ಗೊತ್ತಿರುವುದು ಈ ತಂಗಿ ಮಾತ್ರ. ಹೊಟ್ಟೆ ಉರಿಯುತ್ತದೆ, ಉರಿಯಲಿ, ಸ್ವಂತ ತಂಗಿಯಾದರೆ ಉರಿಯಬಾರದೆಂದು ಎಲ್ಲಿ ಬರೆದಿದೆ. ಅವಳ ಅಂಗೈ, ಅದರಲ್ಲೊಂದು ಬೆಳ್ಳಿ ಬಣ್ಣದ ತುಂಡು — ಅದ್ಯಾಕೆ ಈಗ ನೆನಪಾಗಬೇಕು. ಮೂರು ದಿನದಿಂದ ಏಪ್ರನ್ ಜೇಬಿನ ಫೋನಿನಲ್ಲಿ ಅವಳ ಸಂದೇಶ, ಅಕ್ಕಾ, ಶನಿವಾರ ನನ್ನ ಕಾರ್ಯಕ್ರಮಕ್ಕೆ ಬಾ, ಇಬ್ರೂ ಸೇರಿ ಹಾಡೋಣ, ಗುರುವಾರ ಸಂಜೆಯೊಳಗೆ ಹೇಳು, ಇವತ್ತೇ ಗುರುವಾರ — ಯಾಕೆ, ಪಕ್ಕದಲ್ಲಿ ಮುದುಕಿಯನ್ನು ನಿಲ್ಲಿಸಿಕೊಂಡರೆ ತಾನಿನ್ನೂ ಚೆಂದ ಕಾಣುತ್ತಾಳೆ ಅಂತಲೇ, ಬರಲ್ಲ ಎಂದು ಬರೆದಿಟ್ಟಿದ್ದೇನೆ, ಕಳಿಸಿಲ್ಲ. ಅವಳ ಹಾಡನ್ನು ಕೊನೆಯವರೆಗೆ ಕೇಳಿದವಳೇ ಅಲ್ಲ ನಾನು, ಅರ್ಧಕ್ಕೇ ಆರಿಸಿಬಿಡುತ್ತೇನೆ, ಇವತ್ತು ಕೈತುಂಬ ನೊರೆ. ನನ್ನ ಹಾಡಿನ ರೆಕಾರ್ಡಿಂಗ್ ದಿನ ಅವಳು ಹತ್ತು ವರ್ಷದವಳು, ಇವಳನ್ನೂ ಕರ್ಕೊಂಡು ಹೋಗೇ ಎಂದು ಅಮ್ಮ ಗಂಟು ಹಾಕಿದ್ದಳು, ಸ್ಟುಡಿಯೋ ಮೂಲೆಯಲ್ಲಿ ಕೂತು ನೋಡುತ್ತಿದ್ದಳು, ಕೊನೆಯ ಸಾಲಿಗೆ ಜೋರಾಗಿ ಕಾಲು ಕುಟ್ಟಿದೆ, ಲಟ್ಟೆಂದು ಹೀಲ್ ಮುರಿಯಿತು, ವಾಲಿದೆ, ಪದದ ನಡುವೆ ಉಸಿರು ಕಟ್ಟಿತು, ಮತ್ತೆ ಹಿಡಿದುಕೊಂಡೆ, ಸ್ಟುಡಿಯೋದವರು ಟೈಮ್ ಆಯ್ತು ಎಂದರು, ತಪ್ಪು ಹಾಗೇ ಉಳಿಯಿತು, ವಾರವಿಡೀ ಅತ್ತೆ. ಮುರಿದ ತುಂಡನ್ನು ಅವಳು ಅಂಗೈಯಲ್ಲಿಟ್ಟುಕೊಂಡು ಮನೆಯವರೆಗೂ ನಡೆದಳು, ಬಿಸಾಕೇ ಎಂದರೂ ಬಿಸಾಕಲಿಲ್ಲ. ಈಗ ಬರುತ್ತೆ ಕೇಳಿ, ಗಿರಾಕಿ ಹೇಳುತ್ತಾಳೆ, ಒಂದು ಕಡೆ ಉಸಿರು ಕಟ್ಟಿದ ಹಾಗೆ ನಿಲ್ತಾಳೆ, ನಂಗೆ ಅದೇ ಇಷ್ಟ — ನಿಂತಳು. ಅದೇ ಪದದ ನಡುವೆ. ನಾನು ನಿಂತಷ್ಟೇ ಹೊತ್ತು. ಬೂಟಿಲ್ಲ, ಕಾಲು ಕುಟ್ಟಿಲ್ಲ, ವಾಲಿಲ್ಲ, ಆದರೂ ನಿಂತಳು, ಕಳ್ಳಿ, ನನ್ನ ತಪ್ಪನ್ನೂ ಬಿಡಲಿಲ್ಲವಲ್ಲ, ಅದನ್ನೂ ನನಗಿಂತ ಚೆಂದ ಮಾಡಿದಳಲ್ಲ, ಇಷ್ಟು ವರ್ಷ ಎಲ್ಲಿಟ್ಟುಕೊಂಡಿದ್ದಳು — ಯಾಕ್ರೀ, ನೀರು ನಿಲ್ಲಿಸಿದ್ರಿ — ಅವತ್ತು ಬಿಸಾಕೇ ಎಂದೆ, ಪುಟ್ಟ ಬೆರಳುಗಳು ಮುಚ್ಚಿಕೊಂಡವು, ಬಿಸಾಕೇ, ಇನ್ನೂ ಬಿಗಿಯಾಗಿ, ಒಳಗೆ ಬೆಳ್ಳಿ ಬಣ್ಣದ ಹೀಲ್, ಪುಟ್ಟ ಅಂಗೈಯಲ್ಲಿ ನನ್ನ ಹೀಲ್