ಮೆಟ್ಟಿಲು ತಗ್ಗಿಸಲು ಬಿಟ್ಟ ಗಾಳಿ

ಅಮ್ಮನ ಮಂಡಿಗೂ ಮನೆಗಾಡಿಯ ಮೆಟ್ಟಿಲಿಗೂ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಮನೆಗಾಡಿ ಎಂದರೆ ಕಾರಿನ ಹಿಂದೆ ಕಟ್ಟಿಕೊಂಡು ಊರೂರು ಸುತ್ತುವ ಟ್ರೇಲರ್. ಒಳಗೆ ಎರಡು ಹಾಸಿಗೆ, ಒಂದು ಪುಟ್ಟ ಒಲೆ, ಕಿಟಕಿಗೆ ಹೂವಿನ ಪರದೆ. ಮಗ ಅದನ್ನು ಕೊಂಡದ್ದೇ ಅಮ್ಮನಿಗಾಗಿ. ಕಾರಿನಲ್ಲಿ ಹೆಚ್ಚು ಹೊತ್ತು ಕೂತರೆ ಅವಳ ಸೊಂಟ ಹಿಡಿದುಕೊಳ್ಳುತ್ತಿತ್ತು. ನಡುನಡುವೆ ನಿಲ್ಲಿಸಿ ಕಾಲು ಚಾಚಿ ಮಲಗಲು ಜಾಗವಿದ್ದರೆ ಮಾತ್ರ ಅವಳಿಗೆ ದೂರದ ಪ್ರಯಾಣ ಸಾಧ್ಯವಿತ್ತು. ಆದರೆ ಆ ಮೆಟ್ಟಿಲು ಮಾತ್ರ ಎತ್ತರ. ಹತ್ತುವಾಗ ಒಂದು ಸಲ ನರಳುತ್ತಿದ್ದಳು, ಇಳಿಯುವಾಗ ಎರಡು ಸಲ.

ಮಗ ಪಿಯಾನೊಗಳಿಗೆ ಶ್ರುತಿ ಕೂಡಿಸುವವನು. ಶಾಲೆ, ಸಭಾಂಗಣ, ಶ್ರೀಮಂತರ ಹಜಾರ, ಎಲ್ಲಿ ಪಿಯಾನೊ ಅಪಸ್ವರ ತೆಗೆದರೂ ಅವನಿಗೇ ಕರೆ ಬರುತ್ತಿತ್ತು. ಬೀದಿಯವರೆಲ್ಲ ಅವನನ್ನು ಶ್ರುತಿಗಾರ ಎಂದೇ ಕರೆಯುತ್ತಿದ್ದರು. ತನ್ನ ಕಿವಿಯ ಬಗ್ಗೆ ಅವನಿಗೆ ಹೆಮ್ಮೆ ಇತ್ತು, ಸ್ವಲ್ಪ ಜಾಸ್ತಿಯೇ ಇತ್ತು. ಕುಕ್ಕರಿನ ಶಬ್ದ ಕೇಳಿ ಒಳಗೆ ನೀರು ಎಷ್ಟಿದೆ ಎಂದು ಹೇಳಬಲ್ಲೆ ಎನ್ನುತ್ತಿದ್ದ. ಹೆಂಡತಿ ಒಮ್ಮೆ ಮುಚ್ಚಳ ತೆಗೆದು ತೋರಿಸಿದ ಮೇಲೆ ಆ ಮಾತನ್ನು ಸ್ವಲ್ಪ ಕಡಿಮೆ ಮಾಡಿದ.

ಮೆಟ್ಟಿಲಿನ ತಾಪತ್ರಯಕ್ಕೆ ಅವನೇ ಒಂದು ಉಪಾಯ ಹುಡುಕಿದ. ಮನೆಗಾಡಿ ಅಂಗಳದಲ್ಲೇ ನಿಂತಿರುತ್ತಿತ್ತು, ಅಮ್ಮ ಮಧ್ಯಾಹ್ನದ ಹೊತ್ತು ಅದರೊಳಗೆ ಹೋಗಿ ಮಲಗುತ್ತಿದ್ದಳು. ಒಂದು ದಿನ ಎರಡೂ ಟೈರುಗಳಿಂದ ಸ್ವಲ್ಪ ಸ್ವಲ್ಪ ಗಾಳಿ ಬಿಟ್ಟ. ಮೆಟ್ಟಿಲು ಒಂದು ಬೆರಳಿನಷ್ಟು ಕೆಳಗಿಳಿಯಿತು. ಅಮ್ಮ ಮಗ್ಗುಲು ಬದಲಿಸಿದಾಗ ಗಾಡಿ ಅಲುಗಾಡುವುದೂ ನಿಂತಿತು. ಇನ್ನೊಂದು ಬೆರಳು ಇಳಿದರೆ ಇನ್ನೂ ಒಳ್ಳೆಯದಲ್ಲವೇ ಎಂದುಕೊಂಡು ಇನ್ನಷ್ಟು ಬಿಟ್ಟ. ಅಮ್ಮ ಹರಸಿದಳು, ಹೆಂಡತಿ ಮೆಚ್ಚಿದಳು, ಅವನು ಬೀಗಿದ. ಚಳಿಗಾಲವೆಲ್ಲ ಮನೆಗಾಡಿ ಹಾಗೇ ಕುಳಿತುಬಿಟ್ಟಿತು.

ಚಳಿ ಕಳೆದ ಮೇಲೆ ಸರೋವರದ ಊರಿನಿಂದ ಚಿಕ್ಕಮ್ಮನ ಫೋನು ಬಂತು. ಚಿಕ್ಕಮ್ಮ ಅಮ್ಮನ ಬೆನ್ನಿಗೆ ಬಿದ್ದ ತಂಗಿ. ಅವಳ ಕಣ್ಣು ಮಂಜಾಗುತ್ತ ಬಂದಿತ್ತು. ವೈದ್ಯರು ಹೆಚ್ಚಿನ ಭರವಸೆ ಕೊಟ್ಟಿರಲಿಲ್ಲ. ‘ಕಣ್ಣಲ್ಲಿ ಬೆಳಕಿರುವಾಗಲೇ ಒಮ್ಮೆ ಬಾ ಅಕ್ಕ, ನಿನ್ನ ಮುಖ ನೋಡಬೇಕು’ ಎಂದಳಂತೆ. ಅಮ್ಮ ಆ ದಿನವೆಲ್ಲ ಊಟ ಮಾಡಲಿಲ್ಲ. ಹೋಗಬೇಕೆಂದು ಆಸೆ, ಆದರೆ ದಾರಿಯ ಹೆದರಿಕೆ. ನನ್ನಿಂದ ನಿಮಗೆಲ್ಲ ತೊಂದರೆ ಎಂಬ ಹಳೆಯ ರಾಗ ಬೇರೆ. ಮಗ, ಸೊಸೆ ಇಬ್ಬರೂ ಬಿಡದೆ ಒಪ್ಪಿಸಿದರು. ಕೊನೆಗೊಂದು ಬೆಳಿಗ್ಗೆ ಅಮ್ಮ ಚೀಲ ಕಟ್ಟಿಕೊಂಡು, ಹೊಸ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ಕುರ್ಚಿ ಹಾಕಿ ಕುಳಿತಳು.

ಬೀಳ್ಕೊಡಲು ಅಕ್ಕ ಬಂದಳು. ಅಕ್ಕ ಎಂದರೆ ಶ್ರುತಿಗಾರನ ದೊಡ್ಡಕ್ಕ, ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು. ಗಂಡನ ಜೊತೆ ಅವಳೂ ಒಂದು ಮನೆಗಾಡಿ ಕಟ್ಟಿಕೊಂಡು ಬಹಳ ಊರು ಸುತ್ತಿದ್ದಳು. ಮಾತು ಕಡಿಮೆ, ಆದರೆ ಆಡಿದ ಮಾತಿಗೆ ತಮ್ಮ ಚಿಕ್ಕಂದಿನಿಂದಲೂ ಬೆಲೆ ಕೊಡುತ್ತಿದ್ದ. ಬಂದವಳು ಅಮ್ಮನ ಕೈ ಹಿಡಿದು ಮಾತಾಡಿಸಿದಳು, ಆಮೇಲೆ ಮನೆಗಾಡಿಯ ಸುತ್ತ ಒಂದು ಸುತ್ತು ಬಂದು ಟೈರಿನ ಹತ್ತಿರ ಕುಕ್ಕರುಗಾಲಲ್ಲಿ ಕುಳಿತಳು. ಟೈರು ಕೆಳಗಡೆ ಪಕ್ಕಕ್ಕೆ ಹೊಟ್ಟೆ ಬಿಟ್ಟುಕೊಂಡಿತ್ತು.

"ಗಾಳಿ ಯಾವಾಗ ನೋಡಿದ್ದು?" ಎಂದು ಕೇಳಿದಳು.

ಶ್ರುತಿಗಾರ ಇದಕ್ಕೇ ಕಾಯುತ್ತಿದ್ದವನಂತೆ ಒಳಗಿಂದ ಮರದ ಸುತ್ತಿಗೆ ತಂದ. ಟೈರಿಗೆ ಟಪ್ ಎಂದು ಒಂದು ಏಟು ಕೊಟ್ಟು, ತಲೆ ವಾಲಿಸಿ ಕೇಳಿ, ಪಕ್ಕದ ಊರಿನ ಪಂಪಿನಲ್ಲಿ ಒಂದೆರಡು ಉಸಿರು ಗಾಳಿ ಹೊಡೆಸಿದರೆ ಸಾಕು ಎಂದು ತೀರ್ಪು ಕೊಟ್ಟ. ಅಕ್ಕ ತನ್ನ ಕಾರಿನಿಂದ ಗಾಳಿ ಅಳೆಯುವ ಗೇಜು ತಂದಳು. ಟೈರಿನ ಪುಟ್ಟ ಮುಚ್ಚಳ ತಿರುಗಿಸಿ ತೆಗೆದು ಒತ್ತಿ ಹಿಡಿದಳು. ಮುಳ್ಳು ಇಪ್ಪತ್ತೆರಡಕ್ಕೆ ಬಂದು ನಿಂತಿತು. ಮನೆಗಾಡಿಯ ಬಾಗಿಲ ಪಕ್ಕದಲ್ಲಿ ತಯಾರಿಸಿದವರು ಅಂಟಿಸಿದ್ದ ಚೀಟಿಯಲ್ಲಿ ಐವತ್ತು ಎಂದಿತ್ತು. ಇನ್ನೊಂದು ಟೈರು ಅದಕ್ಕಿಂತಲೂ ಬಡವಾಗಿತ್ತು.

ನಾನು ಇಷ್ಟೊಂದು ಬಿಟ್ಟಿರಲಿಲ್ಲ ಎಂದು ತಮ್ಮ ತಲೆ ಕೆರೆದುಕೊಂಡ. ನೀನು ಬಿಟ್ಟಿದ್ದು ಸ್ವಲ್ಪ, ತಾನಾಗಿ ಹೋದದ್ದು ಸ್ವಲ್ಪ ಎಂದು ಅಕ್ಕ ಹೇಳಿದಳು. ನಿಂತ ಗಾಡಿಯ ಟೈರಿನಿಂದಲೂ ತಿಂಗಳು ತಿಂಗಳೂ ಗಾಳಿ ಸೋರುತ್ತದೆ, ಚಳಿ ಬಿದ್ದರೆ ಇನ್ನೂ ಇಳಿಯುತ್ತದೆ. ಸುಮ್ಮನೆ ನಿಂತಿದೆಯಲ್ಲ, ಅದಕ್ಕೇನಾಗುತ್ತದೆ ಎಂದು ಎಲ್ಲರೂ ಮೋಸ ಹೋಗುವುದು ಅಲ್ಲೇ. ಗಾಳಿ ಕಡಿಮೆ ಇರುವ ಟೈರು ದಾರಿಯಲ್ಲಿ ಪ್ರತಿ ಸುತ್ತಿಗೂ ಮಡಚಿ ಮಡಚಿ ಬಿಸಿಯಾಗುತ್ತದೆ, ಕಾದು ಕಾದು ಕೊನೆಗೆ ಸಿಡಿಯುತ್ತದೆ. ಕಾರಿನದ್ದಾದರೆ ಓಡಿಸುವವನ ಕೈಗೆ ಗೊತ್ತಾಗುತ್ತದೆ. ಹಿಂದೆ ಬರುವ ಗಾಡಿಯದ್ದು ಎಷ್ಟೋ ಸಲ ಸಿಡಿಯುವವರೆಗೂ ಗೊತ್ತೇ ಆಗುವುದಿಲ್ಲ.

ಶ್ರುತಿಗಾರನಿಗೆ ಇದು ರುಚಿಸಲಿಲ್ಲ. ಇಂದು ಹೊರಡದಿದ್ದರೆ ಅಮ್ಮ ಮನಸ್ಸು ಬದಲಿಸುತ್ತಾಳೆ ಎಂಬುದು ಅವನ ನಿಜವಾದ ಭಯ. ಅಕ್ಕನನ್ನು ಪಕ್ಕಕ್ಕೆ ಕರೆದು ಅದನ್ನೇ ತಗ್ಗಿದ ದನಿಯಲ್ಲಿ ಹೇಳಿದ. ಜೊತೆಗೆ, ತನ್ನ ಕಿವಿ ಇಷ್ಟು ವರ್ಷದಲ್ಲಿ ಸುಳ್ಳು ಹೇಳಿದ್ದಿಲ್ಲ ಎಂದೂ ಸೇರಿಸಿದ.

ಅಕ್ಕ ಅವನ ಜೇಬಿನ ಕಡೆ ನೋಡಿದಳು. ಶ್ರುತಿಕವೆ, ಅಂದರೆ ತಟ್ಟಿದರೆ ಒಂದೇ ಸ್ವರ ಕೊಡುವ ಎರಡು ಕಡ್ಡಿಯ ಉಕ್ಕಿನ ಕವೆ, ಯಾವಾಗಲೂ ಅವನ ಅಂಗಿಯ ಜೇಬಿನಲ್ಲೇ ಇರುತ್ತಿತ್ತು.

"ಅಷ್ಟು ಒಳ್ಳೆ ಕಿವಿ ಇರೋನು ಅದನ್ಯಾಕೆ ಇಟ್ಕೊಂಡು ಓಡಾಡ್ತೀಯ?"

"ಮೊದಲನೇ ತಂತಿಗೆ ಬೇಕಲ್ಲ ಅಕ್ಕ. ಕಿವಿ ಒಂದೊಂದು ದಿನ ಒಂದೊಂದು ಥರ ಇರತ್ತೆ. ನೆಗಡಿ ಆದ್ರೆ, ದಣಿದ್ರೆ, ಮೋಸ ಮಾಡತ್ತೆ."

"ಕವೆ ಇಲ್ದೆ ಯಾವತ್ತಾದ್ರೂ ಶ್ರುತಿ ಮಾಡಿದೀಯಾ?"

ಶ್ರುತಿಗಾರನ ಕೈ ಜೇಬಿನ ಕವೆಯ ಮೇಲೆ ಹೋಯಿತು. ಅಂಥ ಕೆಲಸ ಮಾಡುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಅಕ್ಕ ಗೇಜನ್ನು ಅವನ ಅಂಗೈಯಲ್ಲಿಟ್ಟು, ನಿನ್ನ ಪಿಯಾನೊ ಅಪಸ್ವರ ನುಡಿದರೆ ನಾಲ್ಕು ಜನ ಮೂಗು ಮುರಿಯುತ್ತಾರೆ, ಇದು ಅಪಸ್ವರ ನುಡಿದರೆ ಏನಾಗುತ್ತದೆ ನೀನೇ ಯೋಚನೆ ಮಾಡು ಎಂದಳು.

ಬಾಗಿಲಲ್ಲಿ ಕುಳಿತಿದ್ದ ಅಮ್ಮನಿಗೆ ಎಲ್ಲವೂ ಕೇಳಿಸಿತ್ತು. ಕಿವಿ ಆ ಮನೆಯಲ್ಲಿ ವಂಶಪಾರಂಪರ್ಯ. ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು ಮಗನನ್ನು ಕರೆದಳು.

"ನನ್ನ ಮಂಡಿ ಉಳಿಸೋಕೆ ಹೋಗಿ ಗಾಡಿ ಕಾಲು ಮುರಿದ್ಯಲ್ಲೋ ಕಂದ. ನಾಳೆ ಹೋಗೋಣ. ನಾನೆಲ್ಲೂ ಓಡಿಹೋಗಲ್ಲ."

ಪ್ರೀತಿಯಿಂದ ಮಾಡಿದ ಕೆಲಸ ಅಮ್ಮನ ಜೀವಕ್ಕೇ ಸಂಚಕಾರ ತರುತ್ತಿತ್ತಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಗಾಳಿ ತುಂಬಿಸಿ ಹೊರಟುಬಿಡೋಣವೇ ಎಂದು ಹೆಂಡತಿ ಕೇಳಿದಾಗ ಅಕ್ಕ ಬೇಡವೆಂದಳು. ಇಷ್ಟು ದಿನ ಬಾಡಿದ ಟೈರಿನ ಮೇಲೆ ಭಾರ ಹೊತ್ತು ನಿಂತಿದೆ, ಒಳಗೆ ಏನಾಗಿದೆಯೋ ಬಲ್ಲವರು ನೋಡಬೇಕು. ಜಾಕ್ ಕೊಟ್ಟು ಮನೆಗಾಡಿಯನ್ನು ಎತ್ತಿ, ಎರಡೂ ಚಕ್ರ ಬಿಚ್ಚಿ, ಕಾರಿನಲ್ಲಿ ಹಾಕಿಕೊಂಡು ಟೈರಿನ ಅಂಗಡಿಗೆ ಹೋದರು. ಗಾಡಿಯ ಹಿಂದೆ ಹೊದಿಕೆ ಹಾಕಿಕೊಂಡು ನೇತಾಡುತ್ತಿದ್ದ ಸ್ಟೆಪ್ನಿಯನ್ನೂ ಅಕ್ಕ ಬಿಡಲಿಲ್ಲ. ಅದನ್ನು ಒಂದು ದಿನವೂ ಬಳಸಿಲ್ಲವಲ್ಲ ಎಂದು ತಮ್ಮ ನಕ್ಕ. ಅಂಗಡಿಯಲ್ಲಿ ಅಳೆದಾಗ ಅದರಲ್ಲಿ ಹೆಸರಿಗಷ್ಟೇ ಗಾಳಿ ಇತ್ತು. ನಗು ಅಲ್ಲಿಗೇ ನಿಂತಿತು. ಹಳೆಯ ಟೈರುಗಳನ್ನು ಬಿಚ್ಚಿ ನೋಡಿದರೆ ಒಳಮೈಯಲ್ಲಿ ಮಡಿಕೆ ಬಿದ್ದು ರಬ್ಬರು ಬಿರುಕು ಬಿಟ್ಟಿತ್ತು. ಎರಡನ್ನೂ ಬದಲಿಸಿದರು, ಸ್ಟೆಪ್ನಿಗೆ ಚೀಟಿಯಲ್ಲಿದ್ದಷ್ಟು ಗಾಳಿ ಹೊಡೆಸಿದರು. ಸಂಜೆ ಶ್ರುತಿಗಾರ ಹಲಗೆ ಕೊಯ್ದು, ಉಜ್ಜಿ, ಜಾರದಂತೆ ಮೇಲೆ ರಬ್ಬರು ಬಡಿದು ಒಂದು ಅಗಲವಾದ ಮೆಟ್ಟಿಲುಮಣೆ ಮಾಡಿದ. ಮೊದಲೇ ಹೊಳೆಯಬೇಕಾಗಿದ್ದ ಉಪಾಯ ಅದು.

ಮಾರನೆಯ ದಿನ ಬಿಸಿಲು ಏರುವ ಮೊದಲೇ ಅವನೇ ಗೇಜು ಹಿಡಿದು ಕುಳಿತ. ಚಕ್ರ ಉರುಳುವ ಮೊದಲು, ಟೈರು ತಣ್ಣಗಿರುವಾಗ ಅಳೆದದ್ದೇ ಸರಿಯಾದ ಅಳತೆ ಎಂದು ಅಕ್ಕ ಹೇಳಿದ್ದಳು. ಎರಡರಲ್ಲೂ ಸರಿಯಾಗಿ ಐವತ್ತಿತ್ತು. ಅಮ್ಮ ಮಣೆಯ ಮೇಲೆ ಕಾಲಿಟ್ಟು ಒಂದು ಸಲ ಒಳಗೆ ಹತ್ತಿ ಇಳಿದು, ಪರವಾಗಿಲ್ಲ ಎಂದು ಕಾರಿನಲ್ಲಿ ಕುಳಿತಳು. ಗಾಡಿ ಓಡುವಾಗ ಮನೆಗಾಡಿಯಲ್ಲಿ ಯಾರೂ ಇರಬಾರದೆಂಬುದು ಅವರಿಗೆ ಮೊದಲಿನಿಂದಲೂ ಗೊತ್ತಿತ್ತು.

ಅರ್ಧ ದಾರಿಯಲ್ಲಿ, ಮರಗಳಿದ್ದ ಒಂದು ತಂಗುದಾಣದಲ್ಲಿ ನಿಂತರು. ಅಮ್ಮ ಒಳಗೆ ಹೋಗಿ ಕಾಲು ಚಾಚಿದಳು. ಶ್ರುತಿಗಾರ ಗೇಜು ಇಟ್ಟು ನೋಡಿದ. ಎಡಗಡೆ ಐವತ್ತಾರು. ಹೆಚ್ಚಾದದ್ದನ್ನು ಬಿಟ್ಟುಬಿಡೋಣ ಎಂದು ಅವನ ಬೆರಳು ಮುಂದಾಯಿತು. ಅಷ್ಟರಲ್ಲಿ ತನ್ನ ಕಸುಬಿನದೇ ಒಂದು ನಿಯಮ ನೆನಪಿಗೆ ಬಂತು. ವೇದಿಕೆಯ ದೀಪಗಳ ಕೆಳಗೆ ಕಾದ ಪಿಯಾನೊದ ತಂತಿಯ ಶ್ರುತಿ ಸ್ವಲ್ಪ ಜಾರಿರುತ್ತದೆ. ಆಗ ತಂತಿ ಬಿಗಿಸುವ ಕೀಲಿ ತಿರುಗಿಸುವವನು ದಡ್ಡ, ತಣಿದ ಮೇಲೆ ಅದು ತಾನೇ ತನ್ನ ಜಾಗಕ್ಕೆ ಬರುತ್ತದೆ. ಓಡಿ ಬಂದ ಟೈರು ಬಿಸಿಯಾಗಿದೆ, ಒಳಗಿನ ಗಾಳಿ ಹಿಗ್ಗಿದೆ, ಅಷ್ಟೇ. ಈಗ ಬಿಟ್ಟರೆ ತಣಿದಾಗ ಕಡಿಮೆಯಾಗುತ್ತದೆ. ಬೆರಳನ್ನು ಹಿಂದಕ್ಕೆ ತೆಗೆದ.

ಬಲಗಡೆಯದು ನಲವತ್ತಾರು ತೋರಿಸಿತು. ಅದೂ ಏರಬೇಕಾಗಿತ್ತು, ಇಳಿದಿತ್ತು. ಎರಡು ಸಲ ಅಳೆದ, ಅಷ್ಟೇ ಬಂತು. ಸುತ್ತಿಗೆಯಿಂದ ತಟ್ಟಿ ನೋಡುವ ಚಪಲ ತಡೆಯಲಾಗಲಿಲ್ಲ. ಎರಡೂ ಟೈರು ಒಂದೇ ಥರ ಟಪ್ ಎಂದವು. ಅವನ ಕಿವಿಗೆ ಎಳ್ಳಷ್ಟೂ ವ್ಯತ್ಯಾಸ ತಿಳಿಯಲಿಲ್ಲ.

ಹೆಂಡತಿ ಬಗ್ಗಿ ಹುಡುಕಿದಳು. ಟೈರಿನ ಗೀರುಗಳ ನಡುವೆ ಒಂದು ಸ್ಕ್ರೂ ತಲೆಯವರೆಗೂ ಇಳಿದು ಕೂತಿತ್ತು. ದಾರಿಯಲ್ಲೆಲ್ಲೋ ಚುಚ್ಚಿಕೊಂಡದ್ದು, ಸದ್ದಿಲ್ಲದೆ ಗಾಳಿ ಸೋರಿಸುತ್ತಿತ್ತು. ಮುಂದಿನದು ಇಳಿಜಾರಿನ, ತಿರುವುಗಳ ರಸ್ತೆ. ಅಮ್ಮನನ್ನು ಕೆಳಗಿಳಿಸಿ ಮರದ ನೆರಳಿನಲ್ಲಿ ಕೂರಿಸಿದರು. ಗಂಡ ಹೆಂಡಿರು ಜಾಕ್ ಹಾಕಿ, ನಟ್ಟು ಬಿಚ್ಚಿ, ಸ್ಟೆಪ್ನಿ ಕೂರಿಸಿದರು. ಅದರಲ್ಲಿ ಗಾಳಿ ಭರ್ತಿ ಇತ್ತು. ನಿನ್ನೆ ನಕ್ಕದ್ದನ್ನು ನೆನೆದು ಶ್ರುತಿಗಾರ ಬೆವರು ಒರೆಸಿಕೊಂಡ.

ಸರೋವರದ ಊರು ತಲುಪಿದಾಗ ಇನ್ನೂ ಬೆಳಕಿತ್ತು. ಚಿಕ್ಕಮ್ಮ ಗೇಟಿನ ಹತ್ತಿರವೇ ನಿಂತಿದ್ದಳು. ಅಮ್ಮ ಇಳಿದು ಬಂದಾಗ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿನ ಕಡೆ ತಿರುಗಿಸಿ, ಕಣ್ಣಿಗೆ ತೀರ ಹತ್ತಿರ ತಂದು ಬಹಳ ಹೊತ್ತು ನೋಡಿದಳು.

"ಮುದುಕಿ ಆಗಿದೀಯ ಅಕ್ಕ," ಎಂದಳು.

"ಕಾಣ್ತಿದೆಯಲ್ಲ, ಅಷ್ಟು ಸಾಕು," ಎಂದಳು ಅಮ್ಮ.

ಇಬ್ಬರೂ ನಕ್ಕರು, ಅತ್ತರು, ಮತ್ತೆ ನಕ್ಕರು. ಶ್ರುತಿಗಾರ ಮನೆಗಾಡಿಯ ಪಕ್ಕ ನಿಂತುಕೊಂಡು ಅಕ್ಕನಿಗೆ ಫೋನು ಮಾಡಿದ. ತಲುಪಿದೆವು ಎಂದ, ಸ್ಕ್ರೂವಿನ ಕಥೆ ಹೇಳಿದ. ನಾಳೆ ಮೊದಲ ಕೆಲಸ ಪಂಕ್ಚರ್ ಹಾಕಿಸು, ಸ್ಟೆಪ್ನಿ ಇಲ್ಲದೆ ವಾಪಸು ಹೊರಡಬೇಡ ಎಂದು ಅಕ್ಕ ಹೇಳಿದಳು. ಅವನು ಹೂಂ ಎಂದ.

ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮ್ಮಲ್ಲೂ ಯಾರದೋ ಅಂಗಳದಲ್ಲಿ ಇಂಥ ಗಾಡಿಯೊಂದು ನಿಂತಿರಬಹುದು. ಈ ಹೊತ್ತೇ ಎದ್ದು ಹೋಗಿ ನೋಡಿ. ಕಣ್ಣಿಗೆ ಚೆನ್ನಾಗಿ ಕಂಡಿತೆಂದು, ಒದ್ದರೆ ಗಟ್ಟಿ ಅನ್ನಿಸಿತೆಂದು ನಂಬಬೇಡಿ, ಒಂದು ಗೇಜು ಇಟ್ಟುಕೊಳ್ಳಿ. ಎಷ್ಟು ಗಾಳಿ ಬೇಕೆಂದು ಗಾಡಿಯ ಚೀಟಿಯಲ್ಲೇ ಬರೆದಿರುತ್ತದೆ. ಗಾಡಿ ನಿಂತಿದ್ದರೂ ತಿಂಗಳಿಗೊಮ್ಮೆ ಅಳೆಯಿರಿ, ಹೊರಡುವ ಪ್ರತಿ ಬೆಳಿಗ್ಗೆಯೂ ಟೈರು ತಣ್ಣಗಿರುವಾಗ ಅಳೆಯಿರಿ, ಸ್ಟೆಪ್ನಿಯನ್ನು ಮರೆಯಬೇಡಿ. ದಾರಿಯಲ್ಲಿ ಬಿಸಿಯಾಗಿ ಅಳತೆ ಏರಿದರೆ ಗಾಳಿ ಬಿಡಬೇಡಿ. ಒಂದು ಟೈರು ಮಾತ್ರ ಇಳಿದಿದ್ದರೆ ಮುಂದೆ ಹೋಗಬೇಡಿ. ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ. ಆ ಕಡೆ ಗೇಟಿನ ಹತ್ತಿರ ನಿಮ್ಮ ಮುಖ ನೋಡಲೆಂದು ಯಾರೋ ಕಾಯುತ್ತಿರುತ್ತಾರೆ.